ದವಡೆಯ ಗಂಟು, ಬಾಯಿಯ ಹುಣ್ಣು: ಪರೀಕ್ಷೆಗೆ ಮುನ್ನ ತೀರ್ಪು ಬೇಡ

ಮುಖದ ಒಂದು ಪಾರ್ಶ್ವ ಊದಿಕೊಂಡವರನ್ನು ಕಂಡಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ‘ಹಲ್ಲಿನ ಕುರ, ನಾಲ್ಕು ದಿನಕ್ಕೆ ತಾನೇ ಇಳಿಯುತ್ತದೆ, ಬಿಡಿ’ ಎಂಬುದು ಒಂದು. ‘ಕ್ಯಾನ್ಸರೇ ಇರಬೇಕು, ಇನ್ನೇನು ಮಾಡಿಯೂ ಪ್ರಯೋಜನವಿಲ್ಲ’ ಎಂಬುದು ಮತ್ತೊಂದು. ಮೊದಲನೆಯದು ಧೈರ್ಯದ ಮಾತು, ಎರಡನೆಯದು ಹತಾಶೆಯ ಮಾತು. ಆದರೆ ಎರಡರ ಪರಿಣಾಮವೂ ಒಂದೇ. ರೋಗಿ ವೈದ್ಯರ ಬಳಿಗೆ ಹೋಗುವುದು ತಡವಾಗುತ್ತದೆ.

ಬಾಯಿ ಮತ್ತು ದವಡೆಗಳಲ್ಲಿ ಕಾಣಿಸುವ ಗಂಟುಗಳಲ್ಲಿ ಹೆಚ್ಚಿನವು ಪ್ರಾಣಾಪಾಯ ತರುವಂಥವಲ್ಲ. ಹಾಗೆಂದು ಯಾವುದನ್ನೂ ಹೊರನೋಟದಿಂದಲೇ ನಿರಪಾಯವೆಂದು ಬಿಡುವಂತಿಲ್ಲ. ಹೊರಗೆ ಒಂದೇ ರೀತಿ ಕಾಣುವ ಊತದ ಒಳಗೆ ಬೇರೆ ಬೇರೆ ರೋಗಗಳಿರಬಹುದು. ಅವುಗಳ ಹೆಸರನ್ನು ಖಚಿತವಾಗಿ ಹೇಳಬಲ್ಲದ್ದು ಪರೀಕ್ಷೆಯೊಂದೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ನಮ್ಮ ಕುಟುಂಬಗಳು ಈ ವಿಷಯವನ್ನು ಸರಳವಾಗಿ ಅರಿತುಕೊಳ್ಳಲಿ ಎಂಬುದೇ ಈ ಲೇಖನದ ಉದ್ದೇಶ.

ಸಿಸ್ಟ್ ಯಾವುದು, ಗಡ್ಡೆ ಯಾವುದು?

ದೇಹದೊಳಗೆ ಪೊರೆಯಿಂದ ಆವೃತವಾಗಿ, ದ್ರವ ಅಥವಾ ಅರೆದ್ರವ ತುಂಬಿಕೊಂಡಿರುವ ಚೀಲವನ್ನು ವೈದ್ಯರು ‘ಸಿಸ್ಟ್’ ಎನ್ನುತ್ತಾರೆ. ದೇಹದ ಉಳಿದ ಮೂಳೆಗಳಿಗಿಂತ ದವಡೆಯ ಮೂಳೆಯಲ್ಲಿ ಸಿಸ್ಟ್‌ಗಳು ಹೆಚ್ಚು. ಇದಕ್ಕೆ ಕಾರಣ ಹಲ್ಲು. ಹಲ್ಲು ರೂಪುಗೊಳ್ಳುವಾಗ ಅದನ್ನು ನಿರ್ಮಿಸಿದ ಜೀವಕೋಶಗಳ ಅವಶೇಷಗಳು ಮೂಳೆಯೊಳಗೇ ಉಳಿದುಬಿಡುತ್ತವೆ. ಎಷ್ಟೋ ವರ್ಷಗಳ ನಂತರ ಸೋಂಕಿನಿಂದಲೋ ಮತ್ತಾವುದೋ ಪ್ರಚೋದನೆಯಿಂದಲೋ ಆ ಕೋಶಗಳು ಎಚ್ಚೆತ್ತು ಬೆಳೆಯತೊಡಗಿದರೆ ಸಿಸ್ಟ್ ಹುಟ್ಟುತ್ತದೆ.

ಗಡ್ಡೆಯೆಂದರೆ ದೇಹದ ಅಂಕೆಗೆ ಸಿಗದೆ ಬೆಳೆಯುವ ಜೀವಕೋಶಗಳ ಮುದ್ದೆ. ಇದರಲ್ಲಿ ಸೌಮ್ಯ, ಮಾರಕ ಎಂದು ಎರಡು ಬಗೆ. ಸೌಮ್ಯ ಗಡ್ಡೆ ಇದ್ದಲ್ಲಿಯೇ ಬೆಳೆಯುತ್ತದೆ, ಸಾಮಾನ್ಯವಾಗಿ ದೂರದ ಅಂಗಗಳಿಗೆ ಹರಡುವುದಿಲ್ಲ. ಮಾರಕ ಗಡ್ಡೆಯೇ ಕ್ಯಾನ್ಸರ್. ಅದು ಸುತ್ತಲಿನ ಭಾಗಗಳೊಳಗೆ ನುಗ್ಗಿ, ಕುತ್ತಿಗೆಯ ದುಗ್ಧಗ್ರಂಥಿಗಳಿಗೂ ಮುಂದೆ ಶ್ವಾಸಕೋಶ ಮೊದಲಾದ ಅಂಗಗಳಿಗೂ ಹರಡಬಲ್ಲದು.

ನಾಲ್ಕು ಮನೆ, ನಾಲ್ಕು ಊತ

ವಿಷಯ ಮನದಟ್ಟಾಗಲೆಂದು ನಾಲ್ಕು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಇವು ನಡೆದ ಘಟನೆಗಳಲ್ಲ. ಆದರೆ ಇಂತಹ ರೋಗಿಗಳನ್ನು ದಂತವೈದ್ಯರು ಕಾಣುತ್ತಲೇ ಇರುತ್ತಾರೆ.

ಹಾಸನದ ಕಾಲೇಜು ವಿದ್ಯಾರ್ಥಿಯೊಬ್ಬ ಚಿಕ್ಕಂದಿನಲ್ಲಿ ಆಟವಾಡುವಾಗ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದ. ಹಲ್ಲು ಕ್ರಮೇಣ ಕಪ್ಪಿಟ್ಟಿತು. ನೋವಿಲ್ಲವೆಂದು ಯಾರೂ ಲಕ್ಷಿಸಲಿಲ್ಲ. ಹತ್ತು ವರ್ಷಗಳ ಬಳಿಕ ಆ ಹಲ್ಲಿನ ಮೇಲ್ಗಡೆ ಒಸಡು ಉಬ್ಬಿತು. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಬೆಳೆದ ಸಿಸ್ಟ್ ಇದು. ದವಡೆಯ ಸಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಜಾತಿಯವೇ. ಬೇರುನಾಳದ ಚಿಕಿತ್ಸೆ ಮಾಡಿ, ಅಗತ್ಯವಿದ್ದರೆ ಚೀಲವನ್ನು ಶಸ್ತ್ರಕ್ರಿಯೆಯಿಂದ ತೆಗೆದರೆ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ಅನೇಕ ವೇಳೆ ಹಲ್ಲೂ ಉಳಿಯುತ್ತದೆ.

ಹೊಳೆನರಸೀಪುರದ ಇಪ್ಪತ್ತೆರಡರ ಯುವತಿಯ ಕೆಳದವಡೆಯ ಹಿಂಭಾಗದಲ್ಲಿ ನೋವಿಲ್ಲದ ಊತ. ಎಕ್ಸ್-ರೇ ತೆಗೆಸಿದರೆ ಹುಟ್ಟದೆ ಮೂಳೆಯೊಳಗೇ ಅಡ್ಡವಾಗಿ ಮಲಗಿದ ಬುದ್ಧಿಹಲ್ಲು, ಅದರ ಸುತ್ತ ಕಪ್ಪು ನೆರಳು. ಹುಟ್ಟದ ಹಲ್ಲಿನ ತಲೆಯನ್ನು ಸುತ್ತುವರಿದು ಬೆಳೆಯುವ ಸಿಸ್ಟ್ ಇದಾಗಿರಬಹುದು. ಹಾಗಾದರೆ ಹಲ್ಲಿನೊಡನೆ ಚೀಲವನ್ನು ತೆಗೆದರೆ ಸಮಸ್ಯೆ ಮುಗಿಯಿತು. ಆದರೆ ಅದೇ ನೆರಳು ‘ಕೆರಟೋಸಿಸ್ಟ್’ ಎಂಬ ಹಟಮಾರಿ ಚೀಲದ್ದೂ ಆಗಿರಬಹುದು. ಅದು ತೆಗೆದ ಮೇಲೂ ಮರಳಿ ಬರುವ ಸ್ವಭಾವದ್ದು, ಹಲವು ವರ್ಷ ಕಣ್ಣಿಟ್ಟಿರಬೇಕು. ಇದರ ಸ್ವಭಾವ ವಿದ್ವಾಂಸರನ್ನೂ ಗೊಂದಲಕ್ಕೀಡುಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ 2005ರಲ್ಲಿ ಇದನ್ನು ಗಡ್ಡೆಗಳ ಸಾಲಿಗೆ ಸೇರಿಸಿತು, 2017ರಲ್ಲಿ ಮತ್ತೆ ಸಿಸ್ಟ್‌ಗಳ ಸಾಲಿಗೆ ತಂದಿತು.

ಅರಕಲಗೂಡಿನ ನಲವತ್ತರ ಆಸುಪಾಸಿನ ರೈತರೊಬ್ಬರ ಕೆಳದವಡೆ ಮೂರು ವರ್ಷಗಳಿಂದ ನಿಧಾನವಾಗಿ ದಪ್ಪಗಾಗುತ್ತಿದೆ. ನೋವಿಲ್ಲ, ಜ್ವರವಿಲ್ಲ, ಊಟಕ್ಕೆ ಅಡ್ಡಿಯಿಲ್ಲ. ಹೀಗಾಗಿ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುವ ಯೋಚನೆ ಬಂದಿಲ್ಲ. ಎಕ್ಸ್-ರೇಯಲ್ಲಿ ಮೂಳೆ ಜೇನುಗೂಡಿನಂತೆ ತೂತುತೂತಾಗಿ ಕಾಣುತ್ತದೆ. ‘ಅಮೆಲೋಬ್ಲಾಸ್ಟೋಮ’ ಎಂಬ ಗಡ್ಡೆಯ ಚಿತ್ರ ಅನೇಕ ವೇಳೆ ಹೀಗೆಯೇ ಇರುತ್ತದೆ. ಇದು ಸೌಮ್ಯ ಗಡ್ಡೆಗಳ ವರ್ಗಕ್ಕೆ ಸೇರಿದ್ದರೂ ಮೂಳೆಯನ್ನು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಬರೀ ಕೆರೆದು ತೆಗೆದರೆ ಮರುಕಳಿಸುವ ಸಂಭವ ಬಹಳ. ಆದ್ದರಿಂದ ಗಡ್ಡೆಯ ಸುತ್ತಲಿನ ಒಂದೆರಡು ಸೆಂಟಿಮೀಟರಿನಷ್ಟು ಆರೋಗ್ಯವಂತ ಮೂಳೆಯನ್ನೂ ಸೇರಿಸಿ ತೆಗೆಯುವುದುಂಟು. ಹಾಗೆ ತೆಗೆದ ದವಡೆಯ ಭಾಗವನ್ನು ಕಾಲಿನ ಸಣ್ಣ ಮೂಳೆಯಿಂದ ಮರುನಿರ್ಮಿಸುವ ವಿಧಾನ 1989ರಿಂದ ಬಳಕೆಗೆ ಬಂದಿದೆ. ಈ ಗಡ್ಡೆಗಳಲ್ಲಿ ಅನೇಕವುಗಳ ಹಿಂದೆ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇದೆಯೆಂಬುದು 2014ರಲ್ಲಿ ಬೆಳಕಿಗೆ ಬಂತು.

ಚನ್ನರಾಯಪಟ್ಟಣದ ಐವತ್ತೈದರ ತಾಯಿಯೊಬ್ಬರಿಗೆ ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣದೊಡನೆ ಹೊಗೆಸೊಪ್ಪಿನ ಚೂರನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಮೂವತ್ತು ವರ್ಷಗಳ ರೂಢಿ. ಅದೇ ಜಾಗದಲ್ಲಿ ಎರಡು ತಿಂಗಳಿಂದ ಒಂದು ಹುಣ್ಣು. ಅಂಚು ಗಟ್ಟಿಯಾಗಿದೆ, ಮುಟ್ಟಿದರೆ ರಕ್ತ ಬರುತ್ತದೆ, ಪಕ್ಕದ ದವಡೆಹಲ್ಲು ಅಲುಗುತ್ತಿದೆ. ‘ಹಲ್ಲು ಚುಚ್ಚಿ ಹುಣ್ಣಾಗಿದೆ, ಹಲ್ಲು ಕೀಳಿಸಿದರೆ ಸರಿಹೋಗುತ್ತದೆ’ ಎಂದು ಮನೆಯವರು ತಿಳಿಯುತ್ತಾರೆ. ಕ್ಯಾನ್ಸರಿನ ಶಂಕೆಯನ್ನು ಮೊದಲು ತೆಗೆದುಕೊಳ್ಳಬೇಕಾದ ಸಂದರ್ಭ ಇದು. ಹಲ್ಲು ಕೀಳಿಸುವುದಕ್ಕೆ ಮುನ್ನ ಹುಣ್ಣಿನ ಪರೀಕ್ಷೆ ಆಗಬೇಕು.

ಈ ನಾಲ್ವರಲ್ಲಿ ಮೊದಲ ಮೂವರಿಗೆ ನೋವೇ ಇರಲಿಲ್ಲ. ನಾಲ್ಕನೆಯವರಿಗೂ ಆರಂಭದಲ್ಲಿ ನೋವು ಇರದಿರುವುದೇ ಹೆಚ್ಚು. ‘ನೋವಿಲ್ಲ, ಆದ್ದರಿಂದ ಭಯವಿಲ್ಲ’ ಎಂಬ ನಮ್ಮ ಲೆಕ್ಕಾಚಾರ ಬಾಯಿಯ ವಿಷಯದಲ್ಲಿ ನಡೆಯುವುದಿಲ್ಲ.

ಇನ್ನು ಕೆಲವು ಗಂಟುಗಳು ನಿಜಕ್ಕೂ ನಿರುಪದ್ರವಿಗಳು. ಅಂಗುಳದ ಮಧ್ಯದಲ್ಲಿ ಹಲವರಿಗೆ ಇರುವ ಗಟ್ಟಿಯಾದ ಮೂಳೆಯ ಉಬ್ಬು ರೋಗವೇ ಅಲ್ಲ. ತುಟಿಯನ್ನು ಕಚ್ಚಿಕೊಂಡಾಗ ಜೊಲ್ಲುಗ್ರಂಥಿಯ ನಾಳ ಹರಿದು ಏಳುವ ನೀರುಗುಳ್ಳೆ ಮಕ್ಕಳಲ್ಲಿಯೂ ಯುವಕರಲ್ಲಿಯೂ ಸಾಮಾನ್ಯ. ಗರ್ಭಿಣಿಯರ ಒಸಡಿನಲ್ಲಿ ಕೆಂಪಗೆ ಬೆಳೆಯುವ ಮಾಂಸದ ಗಂಟು ಹೆರಿಗೆಯ ನಂತರ ಬಹುಮಟ್ಟಿಗೆ ಕುಗ್ಗುತ್ತದೆ. ಆದರೆ ಇವು ಇಂಥವೇ ಎಂದು ಹೇಳುವ ಕೆಲಸವನ್ನು ವೈದ್ಯರಿಗೆ ಬಿಡುವುದು ಲೇಸು.

ರೋಗನಿರ್ಣಯದ ಮೆಟ್ಟಿಲುಗಳು

ವೈದ್ಯರು ಮೊದಲು ಪ್ರಶ್ನೆಗಳನ್ನು ಕೇಳುತ್ತಾರೆ. ಊತ ಯಾವಾಗಿನಿಂದ ಇದೆ, ಬೇಗ ಬೆಳೆಯಿತೇ ನಿಧಾನವಾಗಿಯೇ, ಹಿಂದೆ ಪೆಟ್ಟು ಬಿದ್ದಿತ್ತೇ, ಎಲೆಅಡಿಕೆ, ಕಡ್ಡಿಪುಡಿ, ಬೀಡಿ, ಮದ್ಯದ ಅಭ್ಯಾಸವಿದೆಯೇ ಎಂದು ವಿಚಾರಿಸುತ್ತಾರೆ. ಹಿರಿಯರೆದುರು ಸಂಕೋಚಪಟ್ಟು ಇಂತಹ ಅಭ್ಯಾಸವನ್ನು ಮುಚ್ಚಿಟ್ಟರೆ ನಷ್ಟ ರೋಗಿಗೇ. ಬೇಕಿದ್ದರೆ ವೈದ್ಯರೊಡನೆ ಏಕಾಂತದಲ್ಲಿ ಹೇಳಬಹುದು.

ಎರಡನೆಯದು ಕೈಯಿಂದ ಮುಟ್ಟಿ ನೋಡುವುದು. ಸಿಸ್ಟ್ ಮೂಳೆಯನ್ನು ಬಹಳ ತೆಳುವಾಗಿಸಿದ್ದರೆ ಒತ್ತಿದಾಗ ಮೊಟ್ಟೆಯ ಚಿಪ್ಪು ಬಿರಿದಂತೆ ಭಾಸವಾಗುತ್ತದೆ. ಹುಣ್ಣಿನ ತಳ ಗಟ್ಟಿಯಾಗಿದ್ದರೆ ಅದು ಎಚ್ಚರಿಕೆಯ ಗುರುತು. ಕುತ್ತಿಗೆಯ ಗ್ರಂಥಿಗಳನ್ನೂ ಮುಟ್ಟಿ ನೋಡುತ್ತಾರೆ. ಊತದ ಬಳಿಯ ಹಲ್ಲುಗಳು ಜೀವಂತವಾಗಿವೆಯೇ ಎಂದು ಪರೀಕ್ಷಿಸುತ್ತಾರೆ. ಬೇರಿನ ತುದಿಯ ಸಿಸ್ಟ್ ಆಗಿದ್ದರೆ ಅಲ್ಲೊಂದು ಸತ್ತ ಹಲ್ಲು ಇದ್ದೇ ಇರಬೇಕು.

ಮೂರನೆಯದು ಎಕ್ಸ್-ರೇ. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ‘ಓ.ಪಿ.ಜಿ.’ ಚಿತ್ರ ಬಹಳ ಉಪಯುಕ್ತ. ನೆರಳಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ನಿಧಾನವಾಗಿ ಬೆಳೆದದ್ದೆಂದೂ, ಇಲಿ ಕಡಿದಂತೆ ಅಡ್ಡಾದಿಡ್ಡಿಯಾಗಿದ್ದರೆ ಶಂಕಾಸ್ಪದವೆಂದೂ ವೈದ್ಯರು ಊಹಿಸುತ್ತಾರೆ. ಹೆಚ್ಚಿನ ವಿವರ ಬೇಕಾದಾಗ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.

ನಾಲ್ಕನೆಯದು ಸೂಜಿಯಿಂದ ದ್ರವವನ್ನು ಹೀರಿ ನೋಡುವುದು. ಹುಲ್ಲಿನ ಬಣ್ಣದ ತಿಳಿದ್ರವ ಬಂದರೆ ಸಾಧಾರಣ ಸಿಸ್ಟ್‌ನ ಸೂಚನೆ. ಕೆನೆಯಂಥ ಮಂದವಾದ ಪದಾರ್ಥ ಬಂದರೆ ಕೆರಟೋಸಿಸ್ಟ್ ಇರಬಹುದು. ಸಿರಿಂಜಿನಲ್ಲಿ ರಕ್ತವೇ ಉಕ್ಕಿ ಬಂದರೆ ಅದು ರಕ್ತನಾಳಗಳ ಗಡ್ಡೆಯಾಗಿರಬಹುದು, ಅಲ್ಲಿ ಹಿಂದುಮುಂದು ನೋಡದೆ ಕತ್ತರಿ ಹಾಕುವಂತಿಲ್ಲ. ದವಡೆಯ ಊತವನ್ನು ಮನೆಯಲ್ಲಿ ಚುಚ್ಚುವುದೂ, ಅರೆಬರೆ ತಿಳಿದವರಿಂದ ಕೊಯ್ಯಿಸುವುದೂ ಏಕೆ ಅಪಾಯಕರವೆಂಬುದಕ್ಕೆ ಇದೊಂದೇ ಕಾರಣ ಸಾಕು.

ಕೊನೆಯದೂ ನಿರ್ಣಾಯಕವೂ ಆದದ್ದು ಬಯಾಪ್ಸಿ. ಸ್ಥಳವನ್ನು ಮರಗಟ್ಟಿಸಿ, ಸಂಶಯದ ಭಾಗದಿಂದ ಸಣ್ಣ ಚೂರನ್ನು ತೆಗೆದು ಫಾರ್ಮಲಿನ್ ದ್ರಾವಣದಲ್ಲಿ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೂರಿನಲ್ಲಿ ಮೂಳೆಯಿದ್ದರೆ ಅದನ್ನು ಮೊದಲು ಮೃದುಗೊಳಿಸಬೇಕಾದ್ದರಿಂದ ವರದಿ ಇನ್ನೂ ಕೆಲವು ದಿನ ತಡವಾಗಬಹುದು. ಈ ತಡಕ್ಕೆ ಬೇಸರಿಸಿ ಬೇರೆಡೆಗೆ ಓಡಬಾರದು.

ಬಯಾಪ್ಸಿಯ ಭಯ

‘ಗಡ್ಡೆಗೆ ಕತ್ತಿ ತಾಗಿದರೆ ಹರಡಿಬಿಡುತ್ತದೆ’ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಬಯಾಪ್ಸಿಯಾದ ಕೆಲವು ತಿಂಗಳಲ್ಲಿ ಯಾರೋ ತೀರಿಕೊಂಡದ್ದನ್ನು ಕಂಡವರು ಹಾಗೆ ಭಾವಿಸುವುದು ಸಹಜ. ಆದರೆ ಅಂಥವರಲ್ಲಿ ಬಹುಪಾಲು ಜನ ರೋಗ ಬಲಿತ ಮೇಲೆ ಆಸ್ಪತ್ರೆಗೆ ಬಂದವರು. ಸಾವಿಗೆ ಕಾರಣ ರೋಗವೇ ಹೊರತು ಪರೀಕ್ಷೆಯಲ್ಲ. ಬಾಯಿಯ ಗಡ್ಡೆಗೆ ಸರಿಯಾದ ರೀತಿಯಲ್ಲಿ ಮಾಡಿದ ಬಯಾಪ್ಸಿ ಸುರಕ್ಷಿತ. ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯದೆ ಯಾವ ವೈದ್ಯರೂ ಸರಿಯಾದ ಚಿಕಿತ್ಸೆ ನೀಡಲಾರರು.

ಇದಕ್ಕೆ ಸೇರಿದ ಇನ್ನೊಂದು ಮಾತು. ದವಡೆಯಿಂದ ಯಾವುದೇ ಸಿಸ್ಟ್ ಅಥವಾ ಗಂಟನ್ನು ತೆಗೆದಾಗ, ಅದು ಎಷ್ಟೇ ಸಾಧಾರಣವೆಂದು ತೋರಲಿ, ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳಿಕೊಳ್ಳಿ. ಸಾಧಾರಣ ಸಿಸ್ಟ್ ಎಂದು ತೆಗೆದದ್ದು ಸೂಕ್ಷ್ಮದರ್ಶಕದಡಿ ಕೆರಟೋಸಿಸ್ಟ್ ಅಥವಾ ಅಮೆಲೋಬ್ಲಾಸ್ಟೋಮ ಎಂದು ತಿಳಿದುಬರುವುದುಂಟು. ವರದಿಯನ್ನೂ ಎಕ್ಸ್-ರೇಗಳನ್ನೂ ಜಮೀನಿನ ಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಐದು ವರ್ಷಗಳ ನಂತರ ಅದೇ ಸ್ಥಳದಲ್ಲಿ ಊತ ಮರಳಿದರೆ ಆ ಕಾಗದವೇ ಮುಂದಿನ ವೈದ್ಯರಿಗೆ ದಾರಿದೀಪ.

ಕ್ಯಾನ್ಸರಿಗೆ ಮುನ್ನ ಕಾಣುವ ಗುರುತುಗಳು

ಬಾಯಿಯ ಕ್ಯಾನ್ಸರ್ ಅನೇಕ ವೇಳೆ ಮುನ್ಸೂಚನೆ ಕೊಟ್ಟೇ ಬರುತ್ತದೆ. ಕೆನ್ನೆಯ ಒಳಭಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಮಚ್ಚೆ ಒಂದು. ಕೆಂಪು ಮಚ್ಚೆ ಅದಕ್ಕಿಂತಲೂ ಹೆಚ್ಚು ಅಪಾಯಕಾರಿ. ಮೂರನೆಯದು, ಅಡಿಕೆಯ ಅಭ್ಯಾಸದಿಂದ ಬಾಯಿಯ ಒಳಪೊರೆ ಬಿಳಿಚಿಕೊಂಡು ಬಿಗಿಯಾಗುತ್ತ, ಖಾರ ತಿಂದರೆ ಉರಿಯುತ್ತ, ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿ. ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಇದನ್ನು ಕಂಡು 1952ರಲ್ಲಿ ಮೊದಲು ದಾಖಲಿಸಲಾಯಿತು. 1960ರ ದಶಕದಲ್ಲಿ ಡೆನ್ಮಾರ್ಕಿನ ತಜ್ಞ ಪಿಂಡ್‌ಬೋರ್ಗ್ ಅವರು ಇಲ್ಲಿನ ವೈದ್ಯರೊಡನೆ ಸೇರಿ ಭಾರತದ ಹಲವು ನಗರಗಳಲ್ಲಿ ಸಾವಿರಾರು ಜನರ ಬಾಯಿಯನ್ನು ಪರೀಕ್ಷಿಸಿ ಇಂತಹ ಮಚ್ಚೆಗಳ ಲೆಕ್ಕ ತೆಗೆದರು. ನಮ್ಮ ಬೆಂಗಳೂರೂ ಆ ನಗರಗಳಲ್ಲೊಂದು.

ಭಾರತದಲ್ಲಿ 2022ರಲ್ಲಿ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ಗೆ ತುತ್ತಾದವರು ಸುಮಾರು 1 ಲಕ್ಷ 43 ಸಾವಿರ ಮಂದಿ ಎಂದು ಅಂತಾರಾಷ್ಟ್ರೀಯ ಅಂದಾಜು ಹೇಳುತ್ತದೆ. ನಮ್ಮ ನೆರೆಯ ಕೇರಳದಲ್ಲಿ ನಡೆದ ಒಂದು ಅಧ್ಯಯನ ಆಶಾದಾಯಕವಾಗಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿಯನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ದುಬಾರಿ ಯಂತ್ರವಿಲ್ಲದೆ, ಬೆಳಕು ಮತ್ತು ಕಣ್ಣುಗಳಿಂದ ಸಾಧಿಸಿದ ಫಲ ಇದು.

ತಾಂಬೂಲದ ಮಾತು

ತಾಂಬೂಲ ನಮ್ಮ ಶುಭಕಾರ್ಯಗಳ ಅಂಗ. ವೀಳ್ಯ ಕೊಟ್ಟು ಕರೆಯುವುದು, ವೀಳ್ಯ ಪಡೆದು ಒಪ್ಪುವುದು ನಮ್ಮ ಸಂಪ್ರದಾಯ. ಆ ಮರ್ಯಾದೆಯನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ತಟ್ಟೆಯಲ್ಲಿಟ್ಟು ಗೌರವಿಸುವುದು ಬೇರೆ, ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ‘ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕಿನ ಹರಾಜು ಮಾರುಕಟ್ಟೆಯಿದೆ. ಜಿಲ್ಲೆಯ ಅನೇಕ ಮನೆಗಳ ಜೀವನಾಧಾರ ಅಡಿಕೆ. ಬೆಳೆಗಾರರನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಬೆಳೆದವನೂ ಬಳಸುವವನೂ ತಮ್ಮ ತಮ್ಮ ಬಾಯಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ ಎಂಬುದಷ್ಟೇ ವಿನಂತಿ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು. ಆದರೂ 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇಕಡ 16ಕ್ಕೂ ಹೆಚ್ಚು ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದುದು ಕಂಡುಬಂತು.

ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ

ತಿಂಗಳಿಗೊಮ್ಮೆ, ಬಾಯಿ ಮುಕ್ಕಳಿಸಿ, ಒಳ್ಳೆಯ ಬೆಳಕಿನಲ್ಲಿ ಕನ್ನಡಿಯೆದುರು ನಿಲ್ಲಿ. ತುಟಿಗಳನ್ನು ಮಡಿಸಿ ಒಳಭಾಗ ನೋಡಿ. ಎರಡೂ ಕೆನ್ನೆಗಳನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ. ಒಸಡಿನ ಉದ್ದಕ್ಕೂ ಬೆರಳಾಡಿಸಿ. ನಾಲಿಗೆಯನ್ನು ಹೊರಚಾಚಿ, ಎಡಬಲಕ್ಕೆ ಹೊರಳಿಸಿ ಅಂಚುಗಳನ್ನು ನೋಡಿ. ನಾಲಿಗೆ ಎತ್ತಿ ಕೆಳಭಾಗ ನೋಡಿ. ತಲೆ ಹಿಂದಕ್ಕೆ ಬಾಗಿಸಿ ಅಂಗುಳ ನೋಡಿ. ಕುತ್ತಿಗೆಯ ಎರಡೂ ಪಕ್ಕಗಳನ್ನು ಒತ್ತಿ ನೋಡಿ. ಕೊನೆಗೆ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲು ಸಾಧ್ಯವೇ ನೋಡಿ. ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ತಡಮಾಡಬೇಡಿ.

1. ಎರಡು ವಾರ ಕಳೆದರೂ ಮಾಯದ ಹುಣ್ಣು.
2. ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ.
3. ನೋವಿಲ್ಲದೆ ಬೆಳೆಯುತ್ತಿರುವ ದವಡೆಯ ಊತ.
4. ಕಾರಣವಿಲ್ಲದೆ ಅಲುಗುವ ಹಲ್ಲು, ಅಥವಾ ಹಲ್ಲು ಕಿತ್ತ ಮೇಲೆ ವಾರಗಟ್ಟಲೆ ಮುಚ್ಚದ ಗಾಯ.
5. ಕೆಳತುಟಿಯಲ್ಲಿ ಮರಗಟ್ಟಿದ ಅನುಭವ.
6. ಸರಿಯಾಗಿ ಕೂರುತ್ತಿದ್ದ ಕಟ್ಟುಹಲ್ಲು ಇದ್ದಕ್ಕಿದ್ದಂತೆ ಕೂರದಿರುವುದು.
7. ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುವುದು.
8. ಕುತ್ತಿಗೆಯಲ್ಲಿ ಗಟ್ಟಿಯಾದ ಗಂಟು.

ಎಲ್ಲಿಗೆ ಹೋಗಬೇಕು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಮೊದಲು ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ದಂತವೈದ್ಯರನ್ನೋ ಪರಿಚಿತ ದಂತವೈದ್ಯರನ್ನೋ ಕಾಣಬಹುದು. ಮೂವತ್ತು ವರ್ಷ ದಾಟಿದವರ ಬಾಯಿಯ ತಪಾಸಣೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಸೇರಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಅದರ ಬಗ್ಗೆ ಕೇಳಿ. ಹೆಚ್ಚಿನ ಪರೀಕ್ಷೆಗೆ ಹಾಸನದಲ್ಲಿಯೇ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಹಾಗೂ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ಹೊಳೆನರಸೀಪುರದವರಿಗೆ ರೈಲುಮಾರ್ಗದಲ್ಲಿ ಮೈಸೂರು ಅನುಕೂಲ. ಅಲ್ಲಿ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜು ಇದೆ. ಕ್ಯಾನ್ಸರ್ ಎಂದು ಖಚಿತವಾದರೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ಇದೆ. 2017ರಿಂದ ಹಾಸನ ಮತ್ತು ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಶ್ರವಣಬೆಳಗೊಳದ ಮಾರ್ಗವಾಗಿ ನೇರ ರೈಲುಹಾದಿಯೂ ಆಗಿದೆ.

ಖರ್ಚಿನ ಚಿಂತೆಯಿಂದ ಹಿಂಜರಿಯುವ ಕುಟುಂಬಗಳೂ ಇವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇದಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಪಡಿತರ ಚೀಟಿ ಮತ್ತು ಆಧಾರ್ ಪ್ರತಿಯೊಡನೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಈ ದೃಷ್ಟಿಯಿಂದಲೂ ಒಳ್ಳೆಯದು.

ಮನೆಯ ಹಿರಿಯರು ತಮಗೆ ನೋವಿಲ್ಲವೆಂದೂ, ಮಕ್ಕಳಿಗೆ ತೊಂದರೆ ಕೊಡಬಾರದೆಂದೂ ಬಾಯಿಯ ಹುಣ್ಣನ್ನು ಮರೆಮಾಚುವುದುಂಟು. ಬಿಸಿ ಅನ್ನವನ್ನು ಆರಿಸಿ ಉಣ್ಣತೊಡಗಿದರೆ, ಖಾರವನ್ನು ಬಿಟ್ಟರೆ, ಒಂದೇ ಪಕ್ಕದಲ್ಲಿ ಅಗಿಯತೊಡಗಿದರೆ ಬಡಿಸುವವರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಅಂದೇ ಅಕ್ಕರೆಯಿಂದ ‘ಬಾಯಿ ತೆರೆಯಿರಿ, ನೋಡೋಣ’ ಎಂದು ಕೇಳಬೇಕು. ಸೊಸೆಯಾಗಲಿ, ಮಗನಾಗಲಿ, ಮೊಮ್ಮಗಳಾಗಲಿ, ಯಾರು ಕೇಳಿದರೂ ಹಿರಿಯರು ಅದನ್ನು ಅಗೌರವವೆಂದು ಎಣಿಸಬಾರದು. ಕಂಡದ್ದು ಸಿಸ್ಟ್ ಆಗಿದ್ದರೆ ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯಬಹುದು. ಕ್ಯಾನ್ಸರೇ ಆಗಿದ್ದರೂ ಚಿಕ್ಕದಿರುವಾಗ ಸಿಕ್ಕಿದರೆ ಗುಣವಾಗುವ ಸಂಭವ ಹೆಚ್ಚು. ಎರಡು ವಾರದ ಗಡುವನ್ನು ಮೀರಗೊಡದಿರುವುದು ಪ್ರತಿಯೊಂದು ಮನೆಯ ಕೈಯಲ್ಲಿಯೂ ಇದೆ.